ಬೆಂಕಿಯಿಲ್ಲದ ಹೊಗೆ: ಸೌರಮಂಡಲದಲ್ಲಿ ಜೀವದ ಹುಡುಕಾಟ



ನ್ಯಾಯಶಾಸ್ತ್ರದ ಪಾಠ ಶುರುವಾಗುವುದೇ ಒಂದು ಬೆಟ್ಟದಿಂದ. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ. ಆದ್ದರಿಂದ ಅಲ್ಲಿ ಬೆಂಕಿ ಇದೆ. ಹೊಗೆ ಹೇತು, ಬೆಂಕಿ ಸಾಧ್ಯ, ಬೆಟ್ಟ ಪಕ್ಷ. ಈ ಅನುಮಾನ ನಿಲ್ಲಬೇಕಾದರೆ ಎರಡು ಬಗೆಯ ದೃಷ್ಟಾಂತ ಬೇಕು ಎನ್ನುತ್ತಾರೆ ನೈಯಾಯಿಕರು. ಒಂದು ಅಡುಗೆಮನೆ: ಅಲ್ಲಿ ಬೆಂಕಿಯೂ ಉಂಟು, ಹೊಗೆಯೂ ಉಂಟು. ಅದು ಸಪಕ್ಷ. ಇನ್ನೊಂದು ಕೊಳ: ಅಲ್ಲಿ ಬೆಂಕಿ ಇಲ್ಲ, ಹೊಗೆಯೂ ಇಲ್ಲ. ಅದು ವಿಪಕ್ಷ. (ಶಾಸನಸಭೆಯ ವಿಪಕ್ಷವಲ್ಲ; ಅಲ್ಲಿಯ ಹೊಗೆಯ ನಿಯಮಗಳೇ ಬೇರೆ.) ಹುಟ್ಟಿದಾಗಿನಿಂದ ಅಡುಗೆಮನೆಯನ್ನಷ್ಟೇ ಕಂಡವನಿಗೆ ಹೊಗೆಗೂ ಬೆಂಕಿಗೂ ಇರುವ ನಂಟು ಎಷ್ಟು ಗಟ್ಟಿಯದು ಎಂದು ತಿಳಿಯಲು ದಾರಿಯೇ ಇಲ್ಲ. ಅವನಿಗೆ ಅಲ್ಲಿನ ಪಾತ್ರೆಯೂ ಬೆಂಕಿಯ ಕುರುಹಾಗಿ ಕಂಡೀತು. ಸೌರಮಂಡಲದಲ್ಲಿ ಜೀವವನ್ನು ಹುಡುಕುತ್ತಿರುವ ವಿಜ್ಞಾನಿಗಳ ಸ್ಥಿತಿ ಹೆಚ್ಚುಕಡಿಮೆ ಇದೇ. ಭೂಮಿ ನಾವು ಕಂಡಿರುವ ಒಂದೇ ಅಡುಗೆಮನೆ, ಮತ್ತು ಇಲ್ಲಿ ಮೂಲೆ ಮೂಲೆಯೂ ಅಡುಗೆಮನೆಯೇ. ನಮ್ಮ ಗಾಳಿಯ ಆಮ್ಲಜನಕ ಜೀವಿಗಳು ಬಿಟ್ಟದ್ದು, ನಮ್ಮ ಸುಣ್ಣಕಲ್ಲಿನ ಬಹುಪಾಲು ಚಿಪ್ಪುಗಳಿಂದಾದದ್ದು, ಕಿಲೋಮೀಟರುಗಟ್ಟಲೆ ಆಳದ ಗಣಿಯ ನೀರಿನಲ್ಲೂ ಸೂಕ್ಷ್ಮಾಣುಗಳಿವೆ. ಜೀವ ಸೋಕದೆ ಕೋಟ್ಯಂತರ ವರ್ಷ ತನ್ನಷ್ಟಕ್ಕೆ ನಡೆದ ರಸಾಯನ ಹೇಗಿರುತ್ತದೆಂದು ಇಲ್ಲಿ ಕುಳಿತು ನೋಡುವಂತಿಲ್ಲ. ನಮ್ಮಲ್ಲಿ ಕೊಳವೇ ಇಲ್ಲ.

ಈ ಉಪನ್ಯಾಸದಲ್ಲಿ ನಾನು ಮುಂದಿಡುವ ವಾದ ಒಂದೇ. ಗ್ರಹಯಾನಗಳು ಜೀವವನ್ನು ಹುಡುಕಲು ಹೊರಟಿವೆ ಎಂದು ಪತ್ರಿಕೆಗಳು ಬರೆಯುತ್ತವೆ. ಸಿಗದಿದ್ದಾಗ ಸೋತವು ಎಂದೂ ಬರೆಯುತ್ತವೆ. ಆದರೆ ಈ ಐವತ್ತು ವರ್ಷಗಳಲ್ಲಿ ಅವು ತಂದುಕೊಟ್ಟ ದೊಡ್ಡ ಸಂಪತ್ತೆಂದರೆ ನಿರ್ಜೀವ ಏನೇನು ಮಾಡಬಲ್ಲದು ಎಂಬ ತಿಳಿವಳಿಕೆ. ಅದಿಲ್ಲದೆ ಜೀವ ಎದುರಿಗೆ ಬಂದು ನಿಂತರೂ ಗುರುತು ಹಿಡಿಯಲಾರೆವು. ಕೊಳಗಳ ಅಧ್ಯಯನವೇ ಇಲ್ಲಿ ಮುಖ್ಯ ಕೆಲಸ; ಬೆಂಕಿಯ ಮಾತು ಆಮೇಲೆ.

ಹೇತುವಿನಲ್ಲಿ ದೋಷ ಎರಡು ಬಗೆಯಲ್ಲಿ ಬರಬಹುದು. ಹೊಗೆ ಎಂದುಕೊಂಡದ್ದು ಹೊಗೆಯೇ ಆಗಿರದೆ ಬೆಟ್ಟದ ಮಂಜಾಗಿರಬಹುದು. ಇಲ್ಲವೆ ಹೊಗೆ ನಿಜವೇ ಇದ್ದು, ಬೆಂಕಿಯಿಲ್ಲದ ಕಡೆಯೂ ಅದು ಏಳುವಂಥದ್ದಾಗಿರಬಹುದು. ಮೊದಲನೆಯದಕ್ಕೆ ಇತಿಹಾಸದಲ್ಲಿ ಬೇಕಾದಷ್ಟು ಉದಾಹರಣೆಗಳಿವೆ. ಇಟಲಿಯ ಸ್ಕಿಯಾಪರೆಲ್ಲಿ 1877ರಲ್ಲಿ ಮಂಗಳದ ಮೇಲೆ ಗೆರೆಗಳನ್ನು ಕಂಡ. ಅಮೆರಿಕದ ಪರ್ಸಿವಲ್ ಲೊವೆಲ್ ಅರಿಜೋನಾದಲ್ಲಿ ವೀಕ್ಷಣಾಲಯ ಕಟ್ಟಿ ಅವನ್ನು ನೀರಾವರಿ ಕಾಲುವೆಗಳೆಂದ. ವಿಕಾಸವಾದದ ಸಹಶಿಲ್ಪಿ ಆಲ್ಫ್ರೆಡ್ ರಸೆಲ್ ವಾಲೆಸ್ 1907ರಲ್ಲಿ ಇಡೀ ಪುಸ್ತಕ ಬರೆದು ಇದನ್ನು ಅಲ್ಲಗಳೆದ. 1909ರಲ್ಲಿ ಪ್ಯಾರಿಸ್ ಬಳಿಯ ದೊಡ್ಡ ದೂರದರ್ಶಕದಲ್ಲಿ ಆಂಟೊನಿಯಾಡಿ ನೋಡಿದಾಗ ಗೆರೆಗಳು ಒಡೆದು ಬಿಡಿ ಬಿಡಿ ಕಲೆಗಳಾದವು. 1965ರಲ್ಲಿ ಮ್ಯಾರಿನರ್-4 ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ ಕುಳಿಗಳಷ್ಟೇ ಇದ್ದವು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಅಷ್ಟಾಗಿ ಗೊತ್ತಿಲ್ಲದ, ಆದರೆ ಹೆಚ್ಚು ಕಲಿಸುವ ಕಥೆ ವಿಲಿಯಂ ಸಿಂಟನ್ ಎಂಬ ಖಗೋಳಜ್ಞನದು. 1950ರ ದಶಕದ ಕೊನೆಗೆ ಮಂಗಳದಿಂದ ಬರುವ ಅವಕೆಂಪು ಬೆಳಕಿನಲ್ಲಿ ಅವನಿಗೆ ಕೆಲವು ಪಟ್ಟಿಗಳು ಕಂಡವು. ಅವು ಸಸ್ಯಗಳಲ್ಲಿರುವ ಸಾವಯವ ವಸ್ತುವಿಗೆ ಹೊಂದುವಂತಿದ್ದವು. ಕೆಲವೇ ವರ್ಷಗಳಲ್ಲಿ ನಿಜ ತಿಳಿಯಿತು: ಆ ಪಟ್ಟಿಗಳು ಭೂಮಿಯ ಗಾಳಿಯಲ್ಲೇ ಇರುವ ಭಾರಜಲದ ಆವಿಯವು. ಮಂಗಳದ ತೋಟವೆಂದು ಅವನು ಕಂಡದ್ದು ತನ್ನ ತಲೆಯ ಮೇಲಿನ ತೇವವನ್ನು.

ಈ ಬಗೆಯ ತಪ್ಪು ಇಂದಿಗೂ ನಿಂತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಶುಕ್ರನ ಮೋಡಗಳಲ್ಲಿ, ಜೀವದ ಕುರುಹಾಗಬಹುದಾದ ಫಾಸ್ಫೀನ್ ಅನಿಲ ಸಿಕ್ಕಿತೆಂದು ಸುದ್ದಿಯಾಯಿತು. ಮೊದಲು ಹೇಳಿದ್ದು ನೂರು ಕೋಟಿಯಲ್ಲಿ ಸುಮಾರು 20 ಭಾಗ. ಚಿಲಿಯ ಆಲ್ಮಾ ದೂರದರ್ಶಕದ ದತ್ತಾಂಶವನ್ನು ಸರಿಪಡಿಸಿ ನೋಡಿದಾಗ ಆ ಪ್ರಮಾಣ ಬಹಳ ಕುಗ್ಗಿತು, ಉಳಿದದ್ದೂ ರೋಹಿತದಲ್ಲಿ ಗಂಧಕದ ಡೈಆಕ್ಸೈಡಿನ ಗೆರೆಯೇ ಎಂದು ಕೆಲವರು ವಾದಿಸಿದರು. ವಿವಾದ ಇನ್ನೂ ಆರಿಲ್ಲ. ಮಂಗಳದ ಮಿಥೇನಿನ ಕಥೆಯೂ ಹೀಗೇ. ಗೇಲ್ ಕುಳಿಯಲ್ಲಿರುವ ಕ್ಯೂರಿಯಾಸಿಟಿ ರೋವರ್ ನೂರು ಕೋಟಿಯಲ್ಲಿ ಅರ್ಧ ಭಾಗದ ಆಸುಪಾಸಿನಲ್ಲಿ, ಋತುವಿಗೆ ತಕ್ಕಂತೆ ಏರಿಳಿಯುವ ಮಿಥೇನನ್ನು ಅಳೆದಿದೆ. ಮೇಲಿನಿಂದ ನೋಡುತ್ತಿರುವ ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್‌ಗೆ ಅದರ ಹತ್ತರಲ್ಲೊಂದು ಪಾಲೂ ಕಾಣಿಸಿಲ್ಲ. ರೋವರಿನ ಉಪಕರಣದೊಳಗೆ ಭೂಮಿಯಿಂದಲೇ ಹೋದ ಮಿಥೇನ್ ಇತ್ತೆಂಬುದು ಎಲ್ಲರೂ ಒಪ್ಪಿದ ಸಂಗತಿ. ಅದನ್ನು ಲೆಕ್ಕದಿಂದ ಕಳೆದೇ ಫಲಿತಾಂಶ ಕೊಡುತ್ತಾರೆ, ಆ ಕಳೆಯುವಿಕೆ ಪೂರ್ತಿ ಸರಿಯೇ ಎಂಬುದರ ಬಗ್ಗೆ ಜಗಳ. ನಮ್ಮ ಮಂಗಳಯಾನದಲ್ಲೂ ಮಿಥೇನ್ ಸಂವೇದಕವಿತ್ತು. ಇಂಗಾಲದ ಡೈಆಕ್ಸೈಡಿನ ಗೆರೆಗಳಿಂದ ಮಿಥೇನಿನ ಗೆರೆಯನ್ನು ಬೇರ್ಪಡಿಸುವುದು ಅದರಿಂದ ಆಗಲಿಲ್ಲ. ಕೊನೆಗೆ ನೆಲ ಪ್ರತಿಫಲಿಸುವ ಬೆಳಕನ್ನು ಅಳೆಯಲು ಅದನ್ನು ಬಳಸಿಕೊಂಡರು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸಾಲು ಸಾಲು ಗೆರೆಗಳ ನಡುವೆ ಒಂದು ಸಣ್ಣ ಗೆರೆಯನ್ನು ಹೆಕ್ಕುವುದು ಎಷ್ಟು ಕಷ್ಟವೆಂದು ಆ ಕ್ಷೇತ್ರದ ಎಲ್ಲರಿಗೂ ಗೊತ್ತು. ಅಲ್ಲದೆ ಇವೆಲ್ಲ ಮೊದಲ ಬಗೆಯ ದೋಷಗಳು. ಮಸೂರ ದೊಡ್ಡದಾದರೆ, ಉಪಕರಣ ಸೂಕ್ಷ್ಮವಾದರೆ, ಮಂಜು ತಾನಾಗಿ ಕರಗುತ್ತದೆ. ಎರಡನೆಯ ದೋಷಕ್ಕೆ ಯಾವ ಮಸೂರವೂ ಮದ್ದಲ್ಲ.

ಅದರ ದೊಡ್ಡ ಉದಾಹರಣೆ ವೈಕಿಂಗ್. 1976ರ ಜುಲೈ 20ರಂದು ವೈಕಿಂಗ್-1, ಸೆಪ್ಟೆಂಬರ್ 3ರಂದು ವೈಕಿಂಗ್-2 ಮಂಗಳದ ಮೇಲೆ ಇಳಿದವು. ಒಂದೊಂದರಲ್ಲೂ ಮೂರು ಜೀವಪರೀಕ್ಷೆಗಳಿದ್ದವು. ಗಿಲ್ಬರ್ಟ್ ಲೆವಿನ್ ಮತ್ತು ಪೆಟ್ರೀಷಿಯಾ ಸ್ಟ್ರಾಟ್ ರೂಪಿಸಿದ ಪರೀಕ್ಷೆ ಬಹಳ ಸರಳ: ವಿಕಿರಣಶೀಲ ಇಂಗಾಲ ಬೆರೆಸಿದ ಪೋಷಕ ದ್ರವವನ್ನು ಮಣ್ಣಿಗೆ ಹನಿಸುವುದು, ಮಣ್ಣಲ್ಲಿ ಸೂಕ್ಷ್ಮಾಣುಗಳಿದ್ದರೆ ಉಂಡು ಉಸಿರುಬಿಡುತ್ತವೆ, ಆ ಉಸಿರಿನಲ್ಲಿ ವಿಕಿರಣಶೀಲ ಇಂಗಾಲ ಕಾಣಿಸುತ್ತದೆ. ಹನಿಸಿದ ಕೂಡಲೇ ಅನಿಲ ಬಂತು. ಮಣ್ಣನ್ನು 160 ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸಿ ಹನಿಸಿದಾಗ ಬರಲಿಲ್ಲ. ಮೊದಲೇ ಒಪ್ಪಿಕೊಂಡಿದ್ದ ಮಾನದಂಡದ ಪ್ರಕಾರ ಇದು ಜೀವದ ಉತ್ತರವೇ. ಆದರೆ ಎರಡನೇ ಸಲ ಹನಿಸಿದಾಗ ಹೊಸ ಅನಿಲ ಏಳಲಿಲ್ಲ; ಬೆಳೆಯುವ ಜೀವಿ ಹೀಗೆ ಮಾಡುವುದಿಲ್ಲ. ಇನ್ನೊಂದು ಪರೀಕ್ಷೆಯಲ್ಲಿ ಮಣ್ಣಿಗೆ ತೇವ ಸೋಕಿದ್ದೇ ತಡ ಆಮ್ಲಜನಕ ಹೊರಬಂತು, ಕತ್ತಲಲ್ಲೇ. ಇದಂತೂ ಯಾವ ಜೀವಿಯ ವರ್ತನೆಯೂ ಅಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮಣ್ಣನ್ನು 500 ಡಿಗ್ರಿಯವರೆಗೆ ಕಾಯಿಸಿ ಹೊಮ್ಮುವ ಆವಿಯನ್ನು ಪರೀಕ್ಷಿಸುವ ಉಪಕರಣಕ್ಕೆ ಸಾವಯವ ವಸ್ತುವೇ ಸಿಗಲಿಲ್ಲ. ಸಿಕ್ಕಿದ್ದು ಕ್ಲೋರಿನ್ ಅಂಟಿದ ಮಿಥೇನಿನ ಚೂರುಪಾರು. ಅದು ಭೂಮಿಯಲ್ಲಿ ಉಪಕರಣ ತೊಳೆದ ದ್ರಾವಕದ ಶೇಷವಿರಬೇಕೆಂದು ತೀರ್ಮಾನಿಸಿದರು. ಸಾವಯವವೇ ಇಲ್ಲದ ಮೇಲೆ ಜೀವವೆಲ್ಲಿ ಎಂದು ಬಾಗಿಲು ಮುಚ್ಚಿದರು.

ಆ ಬಾಗಿಲಿನ ಕೀಲಿ ಸಿಗಲು 32 ವರ್ಷ ಬೇಕಾಯಿತು. 2008ರಲ್ಲಿ ಮಂಗಳದ ಉತ್ತರಧ್ರುವದ ಹತ್ತಿರ ಇಳಿದ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣನ್ನು ನೀರಿನಲ್ಲಿ ಕದಡಿ ನೋಡಿದಾಗ ಪರ್ಕ್ಲೋರೇಟ್ ಎಂಬ ಲವಣ ಸಿಕ್ಕಿತು, ತೂಕದಲ್ಲಿ ಶೇಕಡಾ ಅರ್ಧದಷ್ಟು. ರಾಕೆಟ್ ಇಂಧನಕ್ಕೆ, ಪಟಾಕಿಗೆ ಬಳಸುವ ವಸ್ತುವಿದು. ತಣ್ಣಗಿದ್ದಾಗ ಸುಮ್ಮನಿರುತ್ತದೆ, ಕಾಯಿಸಿದರೆ ಆಮ್ಲಜನಕ ಬಿಟ್ಟು ಪಕ್ಕದಲ್ಲಿರುವ ಸಾವಯವವನ್ನು ಸುಟ್ಟುಹಾಕುತ್ತದೆ. ಚಿಲಿಯ ಅಟಕಾಮಾ ಮರುಭೂಮಿಯ ಮಣ್ಣಿಗೆ ಪರ್ಕ್ಲೋರೇಟ್ ಬೆರೆಸಿ ವೈಕಿಂಗಿನಂತೆಯೇ ಕಾಯಿಸಿದಾಗ ಹೊಮ್ಮಿದ್ದು ಅದೇ ಕ್ಲೋರಿನ್ ಅಂಟಿದ ಮಿಥೇನ್. ಕತ್ತಲಲ್ಲಿ ಹಾವೋ ಹಗ್ಗವೋ ನೋಡೋಣವೆಂದು ದೀಪ ತಂದವನ ಕೈಯಿಂದ ಉರಿ ತಗುಲಿ ಹಗ್ಗವೇ ಸುಟ್ಟುಹೋಗಿರಬಹುದು. ಸಾವಯವ ಮಂಗಳದಲ್ಲಿದೆಯೆಂದು ಕ್ಯೂರಿಯಾಸಿಟಿ ಆಮೇಲೆ ಖಚಿತಪಡಿಸಿತು. ಹಾಗಾದರೆ ಲೆವಿನ್ ಹೇಳಿದ್ದೇ ಸರಿಯೇ? ಇಲ್ಲ, ಅದಕ್ಕೂ ಇನ್ನೊಂದು ಮುಖವಿದೆ. ಪರ್ಕ್ಲೋರೇಟಿಗೆ ವಿಕಿರಣ ತಗುಲಿದರೆ ಹೈಪೊಕ್ಲೋರೈಟಿನಂಥ ಚುರುಕಾದ ವಸ್ತುಗಳು ಹುಟ್ಟುತ್ತವೆ. ಪೋಷಕ ದ್ರವ ಬಿದ್ದೊಡನೆ ಅನಿಲ ಎಬ್ಬಿಸುವುದು, ತೇವಕ್ಕೆ ಆಮ್ಲಜನಕ ಬಿಡುವುದು ಎರಡನ್ನೂ ಅವು ಮಾಡಬಲ್ಲವೆಂದು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಒಂದೇ ಒಂದು ಲವಣ, ಅದೂ ಯಾರೂ ಎಣಿಸಿರದಿದ್ದ ಲವಣ, ಒಂದು ಪರೀಕ್ಷೆಯಲ್ಲಿ ಇಲ್ಲದ ಜೀವವನ್ನು ತೋರಿಸಬಹುದಿತ್ತು, ಇನ್ನೊಂದರಲ್ಲಿ ಇರುವ ಸಾವಯವವನ್ನು ಮರೆಸಬಹುದಿತ್ತು. ವೈಕಿಂಗಿನ ಎಂಜಿನಿಯರುಗಳ ಕೆಲಸದಲ್ಲಿ ಕುಂದಿರಲಿಲ್ಲ. ನೌಕೆಯನ್ನು 110 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಇಡೀ ದಿನಕ್ಕೂ ಮಿಕ್ಕಿ ಬೇಯಿಸಿ ಸೂಕ್ಷ್ಮಾಣುಮುಕ್ತ ಮಾಡಿದವರು ಅವರು. ಕುಂದಿದ್ದದ್ದು ಪ್ರಶ್ನೆಗಳ ಸರದಿಯಲ್ಲಿ. ಮಣ್ಣಿನ ರಸಾಯನ ತಿಳಿಯುವ ಮೊದಲೇ ಮಣ್ಣಿನ ಜೀವದ ಬಗ್ಗೆ ಕೇಳಿದರು.

ವೈಕಿಂಗಿನ ನಿಜವಾದ ಫಲ ಬಂದದ್ದು ಯಾರೂ ಅಷ್ಟಾಗಿ ಗಮನಿಸದ ಅಳತೆಯಿಂದ: ಮಂಗಳದ ಗಾಳಿಯಲ್ಲಿ ಯಾವ ಅನಿಲ ಎಷ್ಟಿದೆ ಎಂಬ ಪಟ್ಟಿ. ಬಿಹಾರದ ಗಯಾ ಹತ್ತಿರದ ಶೇರ್‌ಘಾಟಿಯಲ್ಲಿ 1865ರ ಆಗಸ್ಟ್ 25ರಂದು ಒಂದು ಉಲ್ಕೆ ಬಿದ್ದಿತ್ತು. ಅದರ ಜಾತಿಯ ಉಲ್ಕೆಗಳಿಗೆ ಇಂದಿಗೂ ಶೆರ್ಗೊಟೈಟ್ ಎಂದೇ ಹೆಸರು. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕ ಅದೇ ಜಾತಿಯ ಒಂದು ಕಲ್ಲಿನ ಗಾಜಿನೊಳಗೆ ಸಿಕ್ಕಿಕೊಂಡಿದ್ದ ಗಾಳಿಯನ್ನು 1983ರಲ್ಲಿ ಅಳೆದಾಗ ಅದು ವೈಕಿಂಗಿನ ಪಟ್ಟಿಗೆ ತಾಳೆಯಾಯಿತು. ಮಂಗಳದ ಕಲ್ಲುಗಳು ತಾವಾಗಿಯೇ ನಮ್ಮಲ್ಲಿಗೆ ಬಂದು ಬೀಳುತ್ತಿವೆ ಎಂಬುದು ಹೀಗೆ ತಿಳಿಯಿತು. ಅವುಗಳಲ್ಲೊಂದು, 1984ರಲ್ಲಿ ಅಂಟಾರ್ಕ್ಟಿಕಾದ ಆಲನ್ ಹಿಲ್ಸ್‌ನಲ್ಲಿ ಸಿಕ್ಕ ಎರಡು ಕಿಲೋಗೂ ಚೂರು ಕಡಿಮೆ ತೂಕದ ಕಲ್ಲು, 1996ರ ಆಗಸ್ಟಿನಲ್ಲಿ ಲೋಕಪ್ರಸಿದ್ಧವಾಯಿತು. ಡೇವಿಡ್ ಮೆಕೆ ಮತ್ತು ಸಂಗಡಿಗರು ಅದರಲ್ಲಿ ಕಾರ್ಬನೇಟಿನ ಗುಂಡುಗಳು, ಸಾವಯವ ಅಣುಗಳು, ಬ್ಯಾಕ್ಟೀರಿಯಾಗಳು ಮಾಡುವಂಥ ಮ್ಯಾಗ್ನೆಟೈಟ್ ಹರಳುಗಳು, ಹುಳುವಿನಂಥ ಸೂಕ್ಷ್ಮ ಆಕೃತಿಗಳು ಒಂದೇ ಕಡೆ ಇವೆ ಎಂದರು. ಅಧ್ಯಕ್ಷ ಕ್ಲಿಂಟನ್ ಶ್ವೇತಭವನದ ಅಂಗಳದಲ್ಲಿ ಮಾತಾಡಿದರು. ಆಮೇಲಿನ ಇಪ್ಪತ್ತೈದು ವರ್ಷ ಆ ನಾಲ್ಕು ಕುರುಹುಗಳಿಗೂ ಒಂದೊಂದಾಗಿ ಕೊಳ ಸಿಕ್ಕಿತು. ಕಬ್ಬಿಣದ ಕಾರ್ಬನೇಟ್ ಶಾಖಕ್ಕೆ ಒಡೆದರೆ ಅಂಥದೇ ಮ್ಯಾಗ್ನೆಟೈಟ್ ಆಗುತ್ತದೆ. ಆಕೃತಿಗಳು ಜೀವಕೋಶದ ಯಂತ್ರಾಂಗ ಹಿಡಿಸದಷ್ಟು ಚಿಕ್ಕವು. ಸಾವಯವವನ್ನು ನೀರು ಮತ್ತು ಕಲ್ಲೇ ಸೇರಿ ಮಾಡಿದವೆಂದು 2022ರ ಅಧ್ಯಯನವೊಂದು ತೋರಿಸಿತು. ಮೆಕೆ ತಂಡ ತಪ್ಪು ಮಾಡಿತೆಂದು ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಾರ್ಬನೇಟ್, ಮ್ಯಾಗ್ನೆಟೈಟ್‌ಗಳು ಜೀವವಿಲ್ಲದೆ ಏನೇನು ಆಗಬಲ್ಲವೆಂದು ಅಷ್ಟು ಆಳವಾಗಿ ಯಾರಾದರೂ ಕೇಳಿದ್ದೇ ಆ ತಂಡದ ದೆಸೆಯಿಂದ.

ನಮ್ಮ ಕಡೆಯ ಎರಡು ಪ್ರಸಂಗಗಳನ್ನೂ ಇಲ್ಲಿ ಹೇಳಬೇಕು. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಬಿದ್ದಾಗ ಕೊಟ್ಟಾಯಂನ ಇಬ್ಬರು ಭೌತವಿಜ್ಞಾನಿಗಳು ಅದರಲ್ಲಿನ ಕಣಗಳು ಹೊರಲೋಕದ ಕೋಶಗಳಿರಬಹುದೆಂದರು. ಅವು ಟ್ರೆಂಟೆಪೊಹ್ಲಿಯಾ ಎಂಬ ಪಾಚಿಯ ಬೀಜಕಗಳು ಎಂಬುದು ಸರ್ಕಾರ ಮಾಡಿಸಿದ ಅಧ್ಯಯನದ ತೀರ್ಮಾನ. ಘಟ್ಟದ ಮರಗಳ ಬೊಡ್ಡೆಗೆ ಕಿತ್ತಳೆ ಬಣ್ಣ ಬಳಿದಂತೆ ಕಾಣುವುದು ಈ ಜಾತಿಯ ಪಾಚಿಯೇ. ಇಸ್ರೊ ನೆರವಿನಿಂದ, ಜಯಂತ ನಾರ್ಳೀಕರ್ ಅವರ ಮುಂದಾಳುತನದಲ್ಲಿ ಹೈದರಾಬಾದಿನಿಂದ ಹಾರಿಸಿದ ಬಲೂನು ತಂದ ಗಾಳಿಯಲ್ಲಿ ಮೂರು ಹೊಸ ಬ್ಯಾಕ್ಟೀರಿಯಾ ಪ್ರಭೇದಗಳು ಸಿಕ್ಕವೆಂದು 2009ರಲ್ಲಿ ಪ್ರಕಟವಾಯಿತು. ಅವರು ಎಚ್ಚರದ ಮಾತನ್ನೇ ಆಡಿದರು: ಇವು ಹೊರಗಿನವೆಂದು ಇದರಿಂದ ಸಿದ್ಧವಾಗುವುದಿಲ್ಲ ಎಂದರು. ನಲವತ್ತು ಕಿಲೋಮೀಟರ್ ಎತ್ತರವೂ ಅಡುಗೆಮನೆಯ ಅಟ್ಟವೇ ತಾನೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕೊಳ ನೋಡಲು ಅಷ್ಟು ದೂರ ಹೋಗಬೇಕೇ, ಪ್ರಯೋಗಾಲಯದಲ್ಲಿ ಕೊಳ ಕಟ್ಟಿಕೊಂಡರಾಗದೇ ಎಂದು. ಸ್ಟಾನ್ಲಿ ಮಿಲ್ಲರ್ 1953ರಲ್ಲಿ ಮಾಡಿದ್ದು ಅದನ್ನೇ: ಗಾಜಿನ ಬುರುಡೆಯಲ್ಲಿ ಅನಿಲ ತುಂಬಿ ಕಿಡಿ ಹಾಯಿಸಿದ, ಅಮೈನೊ ಆಮ್ಲ ಬಂತು. ಆದರೆ ಬುರುಡೆಗೆ ವಾರಗಳ ಆಯುಸ್ಸು, ಗ್ರಹಕ್ಕೆ ಕೋಟಿ ವರ್ಷಗಳದ್ದು. ಅಲ್ಲದೆ ಪ್ರಯೋಗಾಲಯವೂ ಅಡುಗೆಮನೆಯೊಳಗೇ ಇದೆ. ಒಸಿರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರ ಸೆಪ್ಟೆಂಬರಿನಲ್ಲಿ ತಂದ 121.6 ಗ್ರಾಂ ಮಣ್ಣಿಗೆ ಇಷ್ಟು ಬೆಲೆ ಅದಕ್ಕೇ. ನಮ್ಮ ದೇಹದ ಪ್ರೋಟೀನುಗಳು ಬಳಸುವ 20 ಅಮೈನೊ ಆಮ್ಲಗಳಲ್ಲಿ 14 ಅದರಲ್ಲಿದ್ದವು. ಡಿಎನ್‌ಎ, ಆರ್‌ಎನ್‌ಎಗಳ ಅಕ್ಷರಗಳಾದ ಐದೂ ಕ್ಷಾರಗಳಿದ್ದವು. ಇದನ್ನು ಮೊದಲು ಶನಿಯ ಉಪಗ್ರಹ ಎನ್ಸೆಲಾಡಸ್‌ನಲ್ಲಿ ಕಂಡಿದ್ದರೆ ಜೀವ ಸಿಕ್ಕಿತೆಂದು ಲೋಕವೇ ಕೂಗುತ್ತಿತ್ತು. ಆದರೆ ಎಡಗೈ-ಬಲಗೈಗಳಂತೆ ಕನ್ನಡಿಬಿಂಬವಾದ ಎರಡು ರೂಪಗಳಲ್ಲಿ ಜೀವಿಗಳ ಪ್ರೋಟೀನುಗಳು ಬಳಸುವುದು ಎಡಗೈಯ ಅಮೈನೊ ಆಮ್ಲಗಳನ್ನೇ; ಬೆನ್ನುವಿನವು ಎಡಗೈಯಷ್ಟೇ ಬಲಗೈಯವೂ ಇದ್ದವು. ಬೆಂಕಿಯಿಲ್ಲದ ಕಡೆ ಎಷ್ಟು ಹೊಗೆ ಏಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನಮ್ಮಲ್ಲಿ ಇಲ್ಲ. ಇಟ್ಟಿಗೆ ರಾಶಿ ಕಂಡು ಮನೆಯಿದೆ ಎನ್ನಬಾರದೆಂದು ಆ ಮಣ್ಣು ತಿಳಿಸಿತು; ಇಟ್ಟಿಗೆ ಬಿಟ್ಟು ಜೋಡಣೆಯನ್ನು ನೋಡಬೇಕೆಂದೂ ತಿಳಿಸಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಲೆವಿನ್ನರದ್ದು. 2021ರಲ್ಲಿ ತೀರಿಕೊಳ್ಳುವವರೆಗೂ ತನ್ನ ಪರೀಕ್ಷೆ ಜೀವವನ್ನೇ ಕಂಡಿತ್ತೆಂದು ಅವರು ವಾದಿಸಿದರು. ನೀವು ಪ್ರತಿ ಕುರುಹಿಗೂ ಇನ್ನೊಂದು ನಿರ್ಜೀವ ವಿವರಣೆ ಹುಡುಕುತ್ತ ಹೋದರೆ ಜೀವ ಎಂದಿಗೂ ಸಿದ್ಧವಾಗದು, ಕಲ್ಪನೆಗೆ ಕೊನೆಯುಂಟೇ ಎಂಬುದು ಅದರ ಸಾರ. ಮಾತು ತಳ್ಳಿಹಾಕುವಂಥದ್ದಲ್ಲ. ವೈಕಿಂಗಿನ ನಂತರ ಮಂಗಳದಲ್ಲಿ ಕೆಲಸ ಮಾಡಿದ ಯಾವ ನೌಕೆಯೂ ಬದುಕಿರುವ ಜೀವವನ್ನು ನೇರವಾಗಿ ಪರೀಕ್ಷಿಸಿಲ್ಲ ಎಂಬ ಅವರ ದೂರೂ ನಿಜ. ಆದರೆ ವಿಪಕ್ಷವನ್ನು ಪರೀಕ್ಷಿಸುವುದೆಂದರೆ ಮನಸ್ಸಿಗೆ ತೋಚಿದ್ದನ್ನೆಲ್ಲ ಪರೀಕ್ಷಿಸುವುದಲ್ಲ. ಆ ಸ್ಥಳದ ಶಾಖ, ನೀರು, ಖನಿಜ, ಕಾಲ ಇವು ಅನುಮತಿಸುವಷ್ಟನ್ನು ಮಾತ್ರ ಪರೀಕ್ಷಿಸಬೇಕು. ಆ ಪಟ್ಟಿಗೆ ಕೊನೆಯಿದೆ. ಶನಿಯ ಉಪಗ್ರಹ ಎನ್ಸೆಲಾಡಸ್ ಇದಕ್ಕೆ ಸಾಕ್ಷಿ. ಅದರ ಅಡ್ಡಳತೆ ಐನೂರು ಕಿಲೋಮೀಟರು. ಬೆಂಗಳೂರಿನಿಂದ ಬೆಳಗಾವಿಯಷ್ಟು ದೂರ. ದಕ್ಷಿಣ ಧ್ರುವದ ಬಿರುಕುಗಳಿಂದ ಒಳಗಿನ ಸಮುದ್ರದ ನೀರು ಆಕಾಶಕ್ಕೆ ಚಿಮ್ಮುತ್ತದೆ. 2005ರಲ್ಲಿ ಅದನ್ನು ಕಂಡ ಕ್ಯಾಸಿನಿ ನೌಕೆ ಆಮೇಲೆ ಆ ಕಾರಂಜಿಯೊಳಗೇ ಹಾದುಹೋಯಿತು. ಲವಣ ಸಿಕ್ಕಿತು, ಬಿಸಿನೀರಿನ ತಳದಲ್ಲಿ ಆಗುವ ಸಿಲಿಕಾ ಕಣ ಸಿಕ್ಕಿತು, 2017ರಲ್ಲಿ ಹೈಡ್ರೋಜನ್ ಸಿಕ್ಕ ಸುದ್ದಿ ಬಂತು, 2023ರಲ್ಲಿ ಫಾಸ್ಫೇಟ್. ಒಲಿವಿನ್ ಖನಿಜದ ಮೇಲೆ ನೀರು ವರ್ತಿಸಿ ಸರ್ಪೆಂಟೈನ್ ಆಗುವಾಗ ಹೈಡ್ರೋಜನ್ ಹುಟ್ಟುತ್ತದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲಿರುವ, 300 ಕೋಟಿ ವರ್ಷಕ್ಕೂ ಹಳೆಯ ಸರ್ಪೆಂಟಿನೈಟ್ ಶಿಲೆ ಇದೇ ಬಗೆಯ ಕ್ರಿಯೆಯ ಉಳಿಕೆ. ಹೈಡ್ರೋಜನ್ನಿಗೆ ಆ ವಿವರಣೆ ಸಾಕು. ಅದೇ ಕಾರಂಜಿಯಲ್ಲಿ ಕಂಡ ಮಿಥೇನಿಗೆ ಸಾಕೇ ಎಂದು 2021ರಲ್ಲಿ ಲೆಕ್ಕ ಹಾಕಿದವರಿಗೆ, ತಿಳಿದಿರುವ ನೀರು-ಕಲ್ಲಿನ ಕ್ರಿಯೆಗಳಿಂದ ಅಷ್ಟು ಮಿಥೇನ್ ಹೊರಡುವುದಿಲ್ಲವೆಂದು ಕಂಡಿತು. ಅವರು ಜೀವವಿದೆ ಎನ್ನಲಿಲ್ಲ. ಆ ಚಂದ್ರ ಹುಟ್ಟುವಾಗಲೇ ಮಿಥೇನ್ ಸೇರಿಕೊಂಡಿರಬಹುದು ಎಂಬ ದಾರಿಯನ್ನೂ ತೆರೆದಿಟ್ಟರು. ನೋಡಿ, ಇಲ್ಲಿ ವಾದ ಮುಂದೆ ಸಾಗಿದೆ. ಅನಂತ ಕಲ್ಪನೆಗಳ ಬದಲು ಎರಡು ಮೂರು ದಾರಿ ಉಳಿದಿವೆ, ಮತ್ತು ಒಂದೊಂದನ್ನೂ ಅಳೆದು ಮುಚ್ಚಬಹುದು.

ನಮಗೆ ಗೊತ್ತಿರುವ ಬಗೆಯ ಜೀವವನ್ನಷ್ಟೇ ಹುಡುಕಿದರೆ ಗೊತ್ತಿಲ್ಲದ್ದನ್ನು ಹೇಗೆ ಕಾಣುವುದು ಎಂಬ ಪ್ರಶ್ನೆಗೂ ಉತ್ತರ ಕೊಳದಲ್ಲೇ ಇದೆ. ನಿರ್ಜೀವ ರಸಾಯನ ಸಣ್ಣ ಸುಲಭ ಅಣುಗಳನ್ನು ಹೆಚ್ಚಾಗಿಯೂ ದೊಡ್ಡ ಕಷ್ಟದ ಅಣುಗಳನ್ನು ಕಡಿಮೆಯಾಗಿಯೂ ಮಾಡುತ್ತದೆ. ಅಮೈನೊ ಆಮ್ಲಗಳಲ್ಲಿ ಅತಿ ಸರಳವಾದ ಗ್ಲೈಸಿನ್ ಎಲ್ಲೆಡೆ ಮುಂದು. ಜೀವ ತನಗೆ ಬೇಕಾದ ಕೆಲವನ್ನು ಆರಿಸಿ ರಾಶಿ ಹಾಕುತ್ತದೆ. ಆರಿಸಿದ್ದು ಯಾವುದು ಎನ್ನುವುದು ಲೋಕದಿಂದ ಲೋಕಕ್ಕೆ ಬೇರೆಯಾಗಬಹುದು. ಆರಿಸಿದ ಗುರುತು ಉಳಿಯುತ್ತದೆ. ಅದನ್ನು ಕಾಣಲು ಆರಿಸದೆ ಬಿಟ್ಟರೆ ರಾಶಿ ಹೇಗಿರುತ್ತಿತ್ತು ಎಂದು ಗೊತ್ತಿರಬೇಕು, ಅಷ್ಟೆ.

2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ 2030ರ ಏಪ್ರಿಲ್‌ನಲ್ಲಿ ಗುರುವನ್ನು ತಲುಪಿ, ಯುರೋಪಾ ಉಪಗ್ರಹದ ಪಕ್ಕದಲ್ಲಿ 49 ಸಲ ಹಾದುಹೋಗಲಿದೆ. ಐನೂರು ಕೋಟಿ ಡಾಲರಿಗೂ ಮಿಕ್ಕ ಯೋಜನೆ, ಆದರೆ ಅದರಲ್ಲಿ ಜೀವ ಹುಡುಕುವ ಉಪಕರಣವಿಲ್ಲ. ಯುರೋಪಾದ ಒಳಗಿನ ಸಮುದ್ರ ಬದುಕಲು ತಕ್ಕದ್ದೇ ಎಂದು ನೋಡುವುದಷ್ಟೇ ಗುರಿ. ಇದನ್ನು ಅಳುಕೆಂದು ಬೈದವರಿದ್ದಾರೆ. ನಾನು ಇದನ್ನು ವೈಕಿಂಗಿನಿಂದ ಕಲಿತ ಸರದಿ ಎನ್ನುತ್ತೇನೆ. ಗೆಲಿಲಿಯೊ ನೌಕೆಯನ್ನು 2003ರಲ್ಲಿ ಗುರುವಿಗೂ, ಕ್ಯಾಸಿನಿಯನ್ನು 2017ರಲ್ಲಿ ಶನಿಗೂ ಬೀಳಿಸಿ ಸುಟ್ಟದ್ದೂ ಅದೇ ವಿವೇಕದಿಂದ: ಇಂಧನ ಮುಗಿದ ನೌಕೆ ಎಂದಾದರೂ ಆ ಸಮುದ್ರಗಳ ಮೇಲೆ ಬಿದ್ದು, ನಮ್ಮ ಸೂಕ್ಷ್ಮಾಣುಗಳನ್ನು ಅಲ್ಲಿ ಬಿತ್ತಿದರೆ ಆಮೇಲೆ ಕೊಳವೂ ಅಡುಗೆಮನೆಯಾಗುತ್ತದೆ.

ಸದ್ಯಕ್ಕೆ ನಮ್ಮ ಮುಂದಿರುವ ಅತಿ ಗಂಭೀರ ಕುರುಹು ಮಂಗಳದ ಜೆಜೆರೊ ಕುಳಿಗೆ ಸೇರಿದ ಹಳೆಯ ನದೀಪಾತ್ರದ ಒಂದು ಬಂಡೆ. 2024ರ ಜುಲೈನಲ್ಲಿ ಪರ್ಸಿವಿಯರೆನ್ಸ್ ರೋವರ್ ಅದನ್ನು ಕಂಡಿತು. ಚೆಯಾವಾ ಫಾಲ್ಸ್ ಎಂದು ಹೆಸರಿಟ್ಟರು. ಕೆಂಪು ಕೆಸರುಗಲ್ಲಿನ ಮೇಲೆ ಚಿರತೆಯ ಮೈಮೇಲಿನಂಥ ಮಚ್ಚೆಗಳು, ಅವುಗಳಲ್ಲಿ ವಿವಿಯನೈಟ್ ಮತ್ತು ಗ್ರೈಗೈಟ್, ಅಂದರೆ ಕಬ್ಬಿಣದ ಫಾಸ್ಫೇಟ್ ಮತ್ತು ಸಲ್ಫೈಡ್ ಇವೆಯೆಂದು ತೋರುತ್ತದೆ, ಜೊತೆಗೆ ಸಾವಯವ. ಭೂಮಿಯ ಕೆಸರಿನಲ್ಲಿ ಇಂಥ ಜೋಡಿಯನ್ನು ಕಬ್ಬಿಣ, ಗಂಧಕಗಳಿಂದ ಬದುಕುವ ಸೂಕ್ಷ್ಮಾಣುಗಳು ಮಾಡುತ್ತವೆ. ಜೀವವಿಲ್ಲದೆ ಸಲ್ಫೈಡ್ ಆಗಲು ಸಾಮಾನ್ಯವಾಗಿ ಒಳ್ಳೆಯ ಶಾಖ ಬೇಕು, ಆ ಬಂಡೆಯಲ್ಲಿ ಕಾದ ಗುರುತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಪ್ರಬಂಧ ಇದನ್ನು ಸಂಭಾವ್ಯ ಕುರುಹು ಎಂದಷ್ಟೇ ಕರೆದು, ನಿರ್ಜೀವ ದಾರಿಗಳನ್ನೂ ಒಂದೊಂದಾಗಿ ಚರ್ಚಿಸಿತು. ಮುಂದಿನ ಮಾತು ಕಲ್ಲು ಪ್ರಯೋಗಾಲಯಕ್ಕೆ ಬಂದ ಮೇಲೆಯೇ. ಆ ಕಲ್ಲಿನ ತುಂಡು ರೋವರಿನ ಒಡಲಲ್ಲಿ, ಕೊಳವೆಯೊಂದರಲ್ಲಿ ಮುಚ್ಚಿಟ್ಟಿದೆ. ಅದನ್ನು ತರುವ ಅಮೆರಿಕದ ಯೋಜನೆ ಖರ್ಚಿನ ಭಾರಕ್ಕೆ ಕುಸಿದಿದೆ.

ರೋವರಿನಲ್ಲಿ ಒಟ್ಟು 43 ಕೊಳವೆಗಳಿದ್ದವು. ಅವುಗಳಲ್ಲಿ ಐದು ಕಲ್ಲು ತುಂಬಲು ಇಟ್ಟವಲ್ಲ. ಸಾಕ್ಷಿ ಕೊಳವೆಗಳೆಂದು ಅವುಗಳ ಹೆಸರು. ಕಲ್ಲು ಕೊರೆಯುವಾಗ ನಡೆಯುವುದೆಲ್ಲ ಅವುಗಳಿಗೂ ನಡೆಯುತ್ತದೆ, ಕಲ್ಲನ್ನು ಮಾತ್ರ ತುಂಬುವುದಿಲ್ಲ. ಭೂಮಿಯಿಂದ ರೋವರಿಗೆ ಅಂಟಿ ಹೋದದ್ದೇನಾದರೂ ಇದ್ದರೆ ಅದು ಅವುಗಳಲ್ಲಿ ದಾಖಲಾಗಿರುತ್ತದೆ. ರೋವರ್ ಎಂದಾದರೂ ಕೆಟ್ಟು ನಿಂತರೆ ಇರಲೆಂದು, 2023ರ ಜನವರಿ ಕೊನೆಯ ಹೊತ್ತಿಗೆ ಥ್ರೀ ಫೋರ್ಕ್ಸ್ ಎಂಬ ಬಯಲಿನಲ್ಲಿ ಹತ್ತು ಕೊಳವೆಗಳನ್ನು ಬಿಡಿ ಬಿಡಿಯಾಗಿ ಇಳಿಸಿದರು. ಎಂಟರಲ್ಲಿ ಕಲ್ಲುಮಣ್ಣು, ಒಂದರಲ್ಲಿ ಮಂಗಳದ ಗಾಳಿ. ಹತ್ತನೆಯದು ಸಾಕ್ಷಿ ಕೊಳವೆ, ಅದರಲ್ಲಿ ಕಲ್ಲಿಲ್ಲ.